ಹೆಂಗಸರಿಗೆ ‘ಕರಗಿ’, ಗಂಡಸರಿಗೆ ‘ಉಬ್ಬಿ’: ಫಿಟ್‌ನೆಸ್ ಜಾಹೀರಾತು ಮಾರುವುದೇನು?

2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಸುರಂಗ ರೈಲಿನ ನಿಲ್ದಾಣಗಳಲ್ಲಿ ಒಂದು ಹಳದಿ ಪೋಸ್ಟರ್ ದೊಡ್ಡ ಗಲಾಟೆ ಎಬ್ಬಿಸಿತು. ಚಿತ್ರದಲ್ಲಿ ಬಿಕಿನಿ ತೊಟ್ಟು ನಿಂತ ತೆಳ್ಳನೆಯ ಯುವತಿ. ಜೊತೆಗೆ ದಪ್ಪಕ್ಷರದಲ್ಲಿ ಒಂದು ಪ್ರಶ್ನೆ: ‘ನಿಮ್ಮ ಮೈ ಬೀಚ್‌ಗೆ ಹೋಗಲು ರೆಡಿ ಇದೆಯಾ?’ ಪ್ರೋಟೀನ್ ವರ್ಲ್ಡ್ ಎಂಬ ಕಂಪನಿ ತೂಕ ಇಳಿಸುವ ಪೌಡರ್ ಮತ್ತು ಮಾತ್ರೆಗಳನ್ನು ಮಾರಲು ಹಾಕಿದ್ದ ಜಾಹೀರಾತು ಅದು. ರೈಲು ಹಿಡಿಯಲು ಬಂದ ಕೆಲವರು ಪೋಸ್ಟರ್ ಮೇಲೆಯೇ ಪೆನ್ನಿನಿಂದ ಉತ್ತರ ಬರೆದರು. ಅದನ್ನು ತೆಗೆಸಿ ಎಂದು ಕೇಳಿದ ಆನ್‌ಲೈನ್ ಮನವಿಗೆ 70 ಸಾವಿರಕ್ಕೂ ಜಾಸ್ತಿ ಸಹಿ ಬಿತ್ತು. ಹೈಡ್ ಪಾರ್ಕ್‌ನಲ್ಲಿ ಪ್ರತಿಭಟನೆ ನಡೆಯಿತು. ಬ್ರಿಟನ್ನಿನಲ್ಲಿ ಜಾಹೀರಾತುಗಳ ಮೇಲೆ ಕಣ್ಣಿಡುವ ಎಎಸ್‌ಎ ಸಂಸ್ಥೆಗೆ 378 ದೂರುಗಳು ಬಂದವು.

ಈ ಪ್ರಕರಣವನ್ನು ಇಂದಿಗೂ ಕೂತು ಬಿಡಿಸಿ ನೋಡಬೇಕು. ಯಾಕೆಂದರೆ ಎಎಸ್‌ಎ ಕೊಟ್ಟ ತೀರ್ಪು ಎರಡು ಭಾಗವಾಯಿತು. ತೂಕ ಇಳಿಯುತ್ತದೆ, ಆರೋಗ್ಯಕ್ಕೆ ಒಳ್ಳೆಯದು ಎಂಬ ಮಾತುಗಳ ವಿಷಯದಲ್ಲಿ ಕಂಪನಿ ತಪ್ಪಿದೆ, ಹಾಗಾಗಿ ಈ ರೂಪದಲ್ಲಿ ಜಾಹೀರಾತು ಮತ್ತೆ ಬರಬಾರದು ಎಂದಿತು. ಆದರೆ ಹೆಂಗಸರ ಮೈಯನ್ನು ಹೀಯಾಳಿಸುತ್ತದೆ ಎಂಬ ದೂರನ್ನು ಒಪ್ಪಲಿಲ್ಲ. ಬೇಸಿಗೆಗೆ ತಾವು ಬಯಸಿದ ಮೈಕಟ್ಟು ಬಂದಿದೆಯೇ ಎಂದು ಯೋಚಿಸಲು ಆ ಪ್ರಶ್ನೆ ಹೇಳುತ್ತದೆ, ಬೇರೆ ಥರದ ಮೈ ಕೀಳು ಎಂದೇನೂ ಹೇಳುವುದಿಲ್ಲ ಎಂಬುದು ಸಂಸ್ಥೆಯ ವಾದ.

ಅಂದರೆ ಸುಳ್ಳು ಸಿಕ್ಕಿಬಿತ್ತು, ಅವಮಾನ ತಪ್ಪಿಸಿಕೊಂಡಿತು. ಫಿಟ್‌ನೆಸ್ ಜಾಹೀರಾತಿನಲ್ಲಿ ಹೆಣ್ಣು ಗಂಡಿನ ಬಗ್ಗೆ ಇರುವ ಹಳೆಯ ಅಚ್ಚುಗಳನ್ನು, ಅಂದರೆ ಹೆಣ್ಣು ಹೀಗೇ, ಗಂಡು ಹೀಗೇ ಇರಬೇಕು ಎಂಬ ಸಿದ್ಧ ಕಲ್ಪನೆಗಳನ್ನು, ಹಿಡಿಯುವುದು ಯಾಕಿಷ್ಟು ಕಷ್ಟ ಎಂಬುದು ಇಲ್ಲೇ ಕಾಣುತ್ತದೆ. ‘28 ದಿನದಲ್ಲಿ 5 ಕೆ.ಜಿ.’ ಎಂದರೆ ಪುರಾವೆ ಕೇಳಬಹುದು. ‘ನೀವು ರೆಡಿ ಇದ್ದೀರಾ?’ ಎಂದರೆ ಯಾವ ಪುರಾವೆ ಕೇಳುವುದು? ಅದು ಬರೀ ಪ್ರಶ್ನೆ. ಉತ್ತರ ಓದುವವಳ ತಲೆಯೊಳಗೆ ಹುಟ್ಟುತ್ತದೆ. ಮುಂದಿನ ವರ್ಷ, 2016ರಲ್ಲಿ, ಮೇಯರ್ ಆದ ಸಾದಿಕ್ ಖಾನ್ ಲಂಡನ್ ಸಾರಿಗೆಯ ಜಾಗಗಳಲ್ಲಿ ಜನರಿಗೆ ತಮ್ಮ ಮೈ ಬಗ್ಗೆ ನಾಚಿಕೆ ಹುಟ್ಟಿಸುವ ಜಾಹೀರಾತುಗಳಿಗೆ ಅವಕಾಶವಿಲ್ಲ ಎಂದರು. ಹದಿಹರೆಯದ ಇಬ್ಬರು ಹೆಣ್ಣುಮಕ್ಕಳ ತಂದೆಯಾಗಿ ಇದು ತಮಗೆ ಕಾಳಜಿಯ ವಿಷಯ ಎಂದೂ ಹೇಳಿದರು.

ಒಂದೇ ಜಿಮ್, ಎರಡು ದಾರಿ

ಇಂಥ ಜಾಹೀರಾತಿನ ತಪ್ಪೆಂದರೆ ಬಟ್ಟೆ ಕಡಿಮೆ ಇರುವುದು ಎಂದು ಅನೇಕರು ತಿಳಿದಿದ್ದಾರೆ. ಅದು ಚಿಕ್ಕ ಭಾಗ. ದೇಹ ಇರುವುದು ಯಾತಕ್ಕೆ ಎಂಬುದಕ್ಕೆ ಜಾಹೀರಾತು ಕೊಡುವ ಉತ್ತರವೇ ದೊಡ್ಡ ತೊಂದರೆ. ಹೆಣ್ಣಿಗೆ ಅದು ಹೇಳುವುದು: ನಿನ್ನ ಮೈ ನೋಡುವವರಿಗಾಗಿ ಇದೆ, ಆದ್ದರಿಂದ ಸಣ್ಣಗಾಗು. ಗಂಡಿಗೆ ಹೇಳುವುದು: ನಿನ್ನ ಮೈ ಇನ್ನೊಬ್ಬರನ್ನು ಮಣಿಸಲಿಕ್ಕೆ ಇದೆ, ಆದ್ದರಿಂದ ದೊಡ್ಡದಾಗು. ಇಬ್ಬರಿಗೂ ‘ಆರೋಗ್ಯ’ ಎಂಬ ಹೆಸರಿನಲ್ಲೇ ಹೇಳುತ್ತದೆ.

ನಮ್ಮ ಊರುಗಳಲ್ಲಿ ಇದನ್ನು ನೋಡಲು ದೂರ ಹೋಗಬೇಕಿಲ್ಲ. ಬಡಾವಣೆಯ ಜಿಮ್ ಮುಂದಿನ ಫ್ಲೆಕ್ಸ್ ನೋಡಿ. ಗಂಡಸಿನ ಚಿತ್ರದಲ್ಲಿ ಬೆವರಿನಿಂದ ಹೊಳೆಯುವ ತೋಳು, ಬಿಗಿದ ಹಲ್ಲು, ಕೈಯಲ್ಲಿ ಭಾರದ ಬಾರ್. ಹೆಂಗಸಿನ ಚಿತ್ರದಲ್ಲಿ ಬೆವರೇ ಇಲ್ಲ. ನಗುತ್ತಾ ಟೇಪ್ ಹಿಡಿದು ಸೊಂಟ ಅಳೆಯುತ್ತಿರುತ್ತಾಳೆ. ಕೆಳಗೆ ಗಂಡಸರಿಗೆ ‘ಬಾಡಿ ಬಿಲ್ಡಿಂಗ್’, ಹೆಂಗಸರಿಗೆ ‘ವೇಟ್ ಲಾಸ್, ಜುಂಬಾ’. ಮದುವೆ ಸೀಸನ್ ಬಂದರೆ ಮದುಮಗಳಿಗೆ ಸ್ಪೆಷಲ್ ಪ್ಯಾಕೇಜ್ ಬೇರೆ. ಮದುಮಗನಿಗೆ ಅಂಥ ಒತ್ತಾಯ ಇಲ್ಲ, ಅಲ್ವಾ?

ಈ ಎರಡು ದಾರಿಗಳಿಗೆ ಹಳೆಯ ಚರಿತ್ರೆ ಇದೆ. ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆಂಜೆಲೊ ಸಿಸಿಲಿಯಾನೊ ಎಂಬಾತ ಚಾರ್ಲ್ಸ್ ಅಟ್ಲಾಸ್ ಎಂದು ಹೆಸರಿಟ್ಟುಕೊಂಡು 1920ರ ದಶಕದಲ್ಲಿ ಅಂಚೆ ಮೂಲಕ ಕಸರತ್ತಿನ ಪಾಠ ಮಾರಲು ಶುರು ಮಾಡಿದ. ಮುಂದೆ ಕಾಮಿಕ್ ಪುಸ್ತಕಗಳ ಹಾಳೆಗಳಲ್ಲಿ ಅವನ ಜಾಹೀರಾತು ದಶಕಗಳ ಕಾಲ ಬಂತು. ಬೀಚಿನಲ್ಲಿ ಒಬ್ಬ ಸಣಕಲ ಹುಡುಗ ಹುಡುಗಿಯ ಜೊತೆ ಕೂತಿದ್ದಾನೆ. ಒಬ್ಬ ದಾಂಡಿಗ ಬಂದು ಅವನ ಮುಖಕ್ಕೆ ಮರಳು ಒದೆಯುತ್ತಾನೆ. ಹುಡುಗ ಅವಮಾನದಿಂದ ಮನೆಗೆ ಹೋಗಿ ಅಟ್ಲಾಸ್ ಪಾಠ ತರಿಸಿ, ಮೈ ಬೆಳೆಸಿ, ಬೀಚಿಗೆ ಮರಳಿ ಬಂದು ದಾಂಡಿಗನಿಗೆ ಗುದ್ದುತ್ತಾನೆ. ಹುಡುಗಿ ಮೆಚ್ಚುತ್ತಾಳೆ. 97 ಪೌಂಡಿನ ಹುಡುಗ, ಅಂದರೆ ಸುಮಾರು 44 ಕೆ.ಜಿ. ತೂಗುವವನು, ‘ಗಂಡಸು’ ಅನ್ನಿಸಿಕೊಳ್ಳಲಿಕ್ಕೆ ಇನ್ನೊಬ್ಬನಿಗೆ ಹೊಡೆಯಬೇಕು. ಹುಡುಗಿಯ ಕೆಲಸ ಪಕ್ಕದಲ್ಲಿ ಕೂತು ಗೆದ್ದವನನ್ನು ನೋಡುವುದು. ಒಂದು ಚಿಕ್ಕ ಚಿತ್ರಕಥೆಯಲ್ಲಿ ಎರಡೂ ಅಚ್ಚುಗಳು ಬಂದುಬಿಟ್ಟಿವೆ.

ಹೆಂಗಸರ ಕಡೆಗೆ ಬಂದರೆ ರೀಬಾಕ್ ಕಂಪನಿಯ ‘ಈಸಿಟೋನ್’ ಶೂಗಳ ಕಥೆ ಎಲ್ಲರೂ ತಿಳಿಯಬೇಕಾದದ್ದು. ಈ ಶೂ ಹಾಕಿ ಸುಮ್ನೆ ನಡೆದರೆ ಸಾಕು, ಬೇರೆ ಶೂಗಳಿಗಿಂತ ನಿತಂಬ ಶೇ 28ರಷ್ಟು ಹೆಚ್ಚು ಬಿಗಿಯಾಗುತ್ತದೆ, ತೊಡೆಯ ಹಿಂಭಾಗ ಮತ್ತು ಮೀನಖಂಡ ಶೇ 11ರಷ್ಟು ಬಲವಾಗುತ್ತವೆ ಎಂದು ಜಾಹೀರಾತು ಹೇಳಿತ್ತು. ಒಂದು ಟಿ.ವಿ. ಜಾಹೀರಾತಿನಲ್ಲಿ ಯುವತಿಯೊಬ್ಬಳು ಚಾರ್ಟ್ ತೋರಿಸಿ ಈ ಅಂಕಿಗಳನ್ನು ವಿವರಿಸುತ್ತಿದ್ದರೆ, ಕ್ಯಾಮೆರಾ ಅವಳ ಹಿಂಭಾಗವನ್ನೇ ನೋಡುತ್ತಿತ್ತು. ಮಾತಾಡುವವಳು ಅವಳೇ, ಆದರೆ ಅವಳ ಮಾತು ಯಾರಿಗೂ ಬೇಡ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆ ಅಂಕಿಗಳಿಗೆ ಆಧಾರವಿಲ್ಲ ಎಂದಿತು. 2011ರ ಸೆಪ್ಟೆಂಬರ್‌ನಲ್ಲಿ ಕಂಪನಿ 2.5 ಕೋಟಿ ಡಾಲರ್ ಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಇಂಥದ್ದೇ ಶೂಗಳಿಗಾಗಿ ಸ್ಕೆಚರ್ಸ್ ಮರುವರ್ಷ 4 ಕೋಟಿ ಡಾಲರ್ ಕೊಟ್ಟಿತು. ಇಲ್ಲಿಯೂ ಸಿಕ್ಕಿಬಿದ್ದದ್ದು ಅಂಕಿಗಳು ಮಾತ್ರ. ಕ್ಯಾಮೆರಾ ಎಲ್ಲಿ ನೋಡುತ್ತಿತ್ತು ಎಂಬುದಕ್ಕೆ ಯಾರೂ ದಂಡ ಹಾಕಲಿಲ್ಲ.

ಬೇರೆಯವರ ಕಣ್ಣಿನಿಂದ ನಮ್ಮನ್ನೇ ನೋಡುವುದು

ಕೆನಡಾದಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1970ರ ದಶಕದಲ್ಲಿ ನೂರಾರು ಜಾಹೀರಾತು ಚಿತ್ರಗಳನ್ನು ಜೋಡಿಸಿಟ್ಟು ನೋಡಿದರು. ಗಂಡಸರ ಕೈ ವಸ್ತುವನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಹೆಂಗಸರ ಬೆರಳು ಅದನ್ನು ಸುಮ್ನೆ ಸವರುತ್ತದೆ. ಗಂಡಸು ನೇರ ನಿಂತಿರುತ್ತಾನೆ, ಹೆಂಗಸು ಒರಗಿರುತ್ತಾಳೆ ಅಥವಾ ಒಂದು ಮಂಡಿ ಬಾಗಿಸಿರುತ್ತಾಳೆ. ಅವಳ ನೋಟ ಎಲ್ಲೋ ಬೇರೆ ಕಡೆ ಇರುತ್ತದೆ. ಇಂದಿನ ಜಿಮ್ ಜಾಹೀರಾತುಗಳಿಗೂ ಈ ಕಣ್ಣು ಒಪ್ಪುತ್ತದೆ. ಮಾಡೆಲ್ ಕೈಯಲ್ಲಿ ಡಂಬೆಲ್ ಇದ್ದರೂ ಅವಳು ಅದನ್ನು ಎತ್ತುತ್ತಿಲ್ಲ. ಅದನ್ನು ಹಿಡಿದು ಫೋಟೋಗೆ ನಿಂತಿದ್ದಾಳೆ.

ಇದರಿಂದ ನೋಡುವವರಿಗೆ ಏನಾಗುತ್ತದೆ? ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಟೋಮಿ-ಆ್ಯನ್ ರಾಬರ್ಟ್ಸ್ ಎಂಬ ಇಬ್ಬರು ಮನಃಶಾಸ್ತ್ರಜ್ಞೆಯರು 1997ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ತನ್ನ ದೇಹವನ್ನು ಎಲ್ಲರೂ ನೋಡುವ ವಸ್ತುವಿನಂತೆ ಕಾಣುವ ಸಮಾಜದಲ್ಲಿ ಬೆಳೆದ ಹುಡುಗಿ, ನಿಧಾನವಾಗಿ ತಾನೂ ತನ್ನ ಮೈಯನ್ನು ಹೊರಗಿನವರ ಕಣ್ಣಿನಿಂದ ನೋಡಲು ಕಲಿಯುತ್ತಾಳೆ. ಆಮೇಲೆ ಯಾರೂ ಎದುರಿಗಿರಬೇಕಿಲ್ಲ. ಮರುವರ್ಷ ಪ್ರಕಟವಾದ ಒಂದು ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕನ್ನಡಿ ಇರುವ ಕೋಣೆಯಲ್ಲಿ ಒಬ್ಬೊಬ್ಬರೇ ಸ್ವೆಟರ್ ಅಥವಾ ಈಜುಡುಗೆ ಹಾಕಿಕೊಂಡು ಲೆಕ್ಕ ಬಿಡಿಸಬೇಕಿತ್ತು. ಈಜುಡುಗೆ ಹಾಕಿದ್ದ ಹುಡುಗಿಯರಿಗೆ ಕಡಿಮೆ ಅಂಕ ಬಂತು. ಹುಡುಗರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದು ಗಮನಿಸಬೇಕಾದ ಮಾತು. ಮನಸ್ಸಿನ ಒಂದು ಪಾಲು ‘ನಾನು ಹೇಗೆ ಕಾಣುತ್ತಿದ್ದೇನೆ’ ಎಂಬುದಕ್ಕೇ ಖರ್ಚಾಗುತ್ತಿತ್ತು.

ಜಿಮ್‌ನಲ್ಲಿ ಸುತ್ತಲೂ ಕನ್ನಡಿ. ಹೊಟ್ಟೆ ಒಳಗೆಳೆದುಕೊಂಡು, ಟೀ ಶರ್ಟ್ ಕೆಳಗೆಳೆಯುತ್ತಾ, ಮೂಲೆಯ ಟ್ರೆಡ್‌ಮಿಲ್ ಹುಡುಕುವ ಹೆಣ್ಣುಮಗಳನ್ನು ನೋಡಿದ್ದೀರಲ್ಲ? ಉಸಿರು ಪೂರ್ತಿ ಎಳೆದುಕೊಳ್ಳಲೂ ಅವಳು ಹಿಂಜರಿಯುತ್ತಾಳೆ. ಅವಳನ್ನು ಕಸರತ್ತಿಗೆ ಕರೆಯುತ್ತೇವೆ ಎನ್ನುವ ಜಾಹೀರಾತೇ ಅವಳಿಂದ ಕಸರತ್ತಿನ ಸುಖವನ್ನು ಕಿತ್ತುಕೊಂಡಿದೆ.

ಕಂಪನಿಗಳು ಯಾಕೆ ಹೀಗೆ ಮಾಡುತ್ತವೆ? ವ್ಯಾಪಾರದ ಲೆಕ್ಕ ಸರಳ. ಮೆಟ್ಟಿಲು ಹತ್ತಿದರೆ ಏದುಸಿರು ಬರಬಾರದು ಎಂಬ ಗುರಿ ಕೆಲವು ತಿಂಗಳಲ್ಲಿ ಮುಟ್ಟಬಹುದು. ಮುಟ್ಟಿದ್ದು ನಮಗೇ ಗೊತ್ತಾಗುತ್ತದೆ. ‘ಚೆನ್ನಾಗಿ ಕಾಣಬೇಕು’ ಎಂಬ ಗುರಿಗೆ ಕೊನೆಯೇ ಇಲ್ಲ, ಗೆರೆಯನ್ನು ಕಂಪನಿ ಎಷ್ಟು ಬೇಕಾದರೂ ಮುಂದೆ ಸರಿಸಬಹುದು. 2019ರ ಕ್ರಿಸ್‌ಮಸ್ ಹೊತ್ತಿಗೆ ಪೆಲೊಟಾನ್ ಎಂಬ ಅಮೆರಿಕದ ಕಂಪನಿ ತೋರಿಸಿದ ಜಾಹೀರಾತಿನಲ್ಲಿ ಇದು ಬೆತ್ತಲಾಗಿ ಕಂಡಿತು. ಗಂಡ ಹೆಂಡತಿಗೆ ಎರಡು ಸಾವಿರ ಡಾಲರ್‌ಗೂ ಹೆಚ್ಚು ಬೆಲೆಯ ವ್ಯಾಯಾಮದ ಸೈಕಲ್ ಉಡುಗೊರೆ ಕೊಡುತ್ತಾನೆ. ಅವಳು ಒಂದು ವರ್ಷ ಅದನ್ನು ತುಳಿಯುತ್ತಾ ಫೋನಿನಲ್ಲಿ ಚಿತ್ರೀಕರಿಸಿಕೊಂಡು, ಕೊನೆಗೆ ಗಂಡನಿಗೆ ತೋರಿಸಿ ಥ್ಯಾಂಕ್ಸ್ ಹೇಳುತ್ತಾಳೆ. ಅವಳು ಮೊದಲ ದಿನವೇ ತೆಳ್ಳಗಿದ್ದಳು! ಇನ್ನೂ ಏನು ಕರಗಬೇಕಿತ್ತು ಎಂದು ಜನ ಕೇಳಿದರು. ಡಿಸೆಂಬರ್ 3ರಂದು ಕಂಪನಿಯ ಷೇರು ಸುಮಾರು ಶೇ 9ರಷ್ಟು ಕುಸಿಯಿತು. ಜನ ತಪ್ಪು ತಿಳಿದರು ಎಂದು ಕಂಪನಿ ಹೇಳಿತು. ನನಗೆ ಹಾಗನ್ನಿಸುವುದಿಲ್ಲ. ಆ ಕಥೆಯಲ್ಲಿ ಹೆಂಡತಿಯ ಒಂದು ವರ್ಷದ ಬೆವರಿಗೆ ಗಂಡನ ಮೆಚ್ಚುಗೆಯೇ ಬೆಲೆ ಕಟ್ಟಬೇಕಿತ್ತು. ಜನ ಅದನ್ನು ಸರಿಯಾಗಿಯೇ ಓದಿದರು.

ಎತ್ತಿದರೆ ಗಂಡಸಿನ ಹಾಗಾಗುವುದಿಲ್ಲ

ಈ ಅಚ್ಚುಗಳಿಂದ ಆಗುವ ಅತಿ ದೊಡ್ಡ ನಷ್ಟ ಯಾವುದು ಎಂದು ಕೇಳಿದರೆ, ಹೆಂಗಸರು ಭಾರ ಎತ್ತುವುದಕ್ಕೆ ಹೆದರುವಂತಾದದ್ದು ಎನ್ನುತ್ತೇನೆ. ‘ವೇಟ್ಸ್ ಮಾಡಿದರೆ ಗಂಡಸಿನ ಹಾಗೆ ಕಾಣ್ತೀಯ’ ಎಂದು ಮನೆಯವರು ಹೇಳುತ್ತಾರೆ. ಕೆಲವು ಟ್ರೈನರ್‌ಗಳೂ ಹೇಳುತ್ತಾರೆ. ಮಾರುಕಟ್ಟೆ ಅದಕ್ಕೆ ತಕ್ಕಂತೆ ಒಂದು ಕೆ.ಜಿ.ಯ ಗುಲಾಬಿ ಡಂಬೆಲ್ ಮಾಡಿಕೊಡುತ್ತದೆ. ನಮ್ಮ ಹಳ್ಳಿಗಳಲ್ಲಿ ಎರಡು ಕೊಡ ನೀರು ಹೊತ್ತು, ಹುಲ್ಲಿನ ಹೊರೆ ತಲೆಗೇರಿಸಿಕೊಂಡು ಮೈಲಿಗಟ್ಟಲೆ ನಡೆದವರು ಹೆಂಗಸರೇ. ಅಕ್ಕಿ ಮೂಟೆ ಎಳೆಯುವಾಗ, ಮಲಗಿರುವ ಅತ್ತೆಯನ್ನು ಎತ್ತಿ ಕೂರಿಸುವಾಗ ಅವರ ಬಲವನ್ನು ಯಾರೂ ಪ್ರಶ್ನಿಸಲಿಲ್ಲ. ಜಿಮ್ ಬಾಗಿಲಿಗೆ ಬಂದ ಕೂಡಲೇ ಅವರು ನಾಜೂಕಾಗಿಬಿಡಬೇಕು.

ವಿಜ್ಞಾನ ಬೇರೆಯೇ ಹೇಳುತ್ತದೆ. ಸ್ನಾಯು ದಪ್ಪಗಾಗಲು ಬಹಳ ನೆರವಾಗುವ ಟೆಸ್ಟೊಸ್ಟಿರಾನ್ ಹಾರ್ಮೋನು ಗಂಡಸರಲ್ಲಿ ಹೆಂಗಸರಿಗಿಂತ ಹತ್ತು ಪಟ್ಟಿಗೂ ಜಾಸ್ತಿ ಇರುತ್ತದೆ. ಹಾಗಾಗಿ ವಾರಕ್ಕೆ ಎರಡು ಮೂರು ದಿನ ಭಾರ ಎತ್ತಿದ ಹೆಂಗಸಿನ ತೋಳು ಪೈಲ್ವಾನನ ತೋಳಾಗುವುದಿಲ್ಲ. ಆದರೆ ಬಲ ಬರುತ್ತದೆ. ಮೂಳೆಗೂ ಲಾಭ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಹಾರ್ಮೋನು ಕಡಿಮೆಯಾಗಿ ಹೆಂಗಸರ ಮೂಳೆ ಬೇಗ ಸವೆಯತೊಡಗುತ್ತದೆ. ಆ ಸವೆತವನ್ನು ನಿಧಾನ ಮಾಡುವ ದಾರಿಗಳಲ್ಲಿ ಭಾರದ ವ್ಯಾಯಾಮವೂ ಒಂದು. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು ನಮ್ಮೆಲ್ಲರ ಮನೆಗಳಲ್ಲೂ ಇದ್ದಾರೆ. ಅಂದರೆ ಡಂಬೆಲ್ ಯಾರಿಗೆ ಹೆಚ್ಚು ಬೇಕೋ ಅವರ ಕೈಯಿಂದಲೇ ಜಾಹೀರಾತು ಅದನ್ನು ಕಿತ್ತುಕೊಳ್ಳುತ್ತಿದೆ. ನನಗೆ ಸಿಟ್ಟು ಬರುವುದು ಇಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆಯಲ್ಲಿ ಹೆಣ್ಣು ಗಂಡು ಎಂಬ ಎರಡು ಪಟ್ಟಿ ಇಲ್ಲ. ವಯಸ್ಕರೆಲ್ಲರಿಗೂ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ, ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕೆಲಸ. ಅಷ್ಟೇ. ವೇಟ್‌ಲಿಫ್ಟರ್ ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರು. ಟೋಕಿಯೊದಲ್ಲಿ 49 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ತಮ್ಮ ತೂಕದ ಎರಡು ಪಟ್ಟಿಗೂ ಹೆಚ್ಚು, 115 ಕೆ.ಜಿ.ಯನ್ನು ತಲೆಯ ಮೇಲೆತ್ತಿ ನಿಂತರು. ನಮ್ಮಲ್ಲಿ ಗರಡಿ ಮನೆ ಬಹುಕಾಲ ಗಂಡಸರದೇ ಆಗಿತ್ತು. ಈಗ ಮೈಸೂರು ದಸರಾ ಕುಸ್ತಿಯ ಅಖಾಡಕ್ಕೆ ಹುಡುಗಿಯರೂ ಇಳಿಯುತ್ತಿದ್ದಾರೆ. ಆದರೆ ಜಿಮ್ ಫ್ಲೆಕ್ಸ್ ಮೇಲೆ ಇವರಂಥವರ ಚಿತ್ರ ಕಾಣುವುದು ತೀರಾ ಅಪರೂಪ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಹೊಟ್ಟೆಯ ಕಸರತ್ತು ಮಾಡಿದರೆ ಹೊಟ್ಟೆಯ ಬೊಜ್ಜು ಮಾತ್ರ ಕರಗುವುದಿಲ್ಲ. ಕೊಬ್ಬು ಎಲ್ಲಿಂದ ಮೊದಲು ಇಳಿಯಬೇಕು ಎಂದು ನಾವು ಆರಿಸಲು ಆಗುವುದಿಲ್ಲ. ಬೆವರು ಹರಿಸುವ ಸೌನಾ ಬೆಲ್ಟ್ ಕಟ್ಟಿಕೊಂಡರೆ ಹೋಗುವುದು ನೀರು. ಒಂದು ಚೊಂಬು ನೀರು ಕುಡಿದರೆ ಆ ತೂಕ ವಾಪಸ್ ಬರುತ್ತದೆ.

ಗಂಡಸರಿಗೂ ಪೆಟ್ಟು

ಈ ಮಾತು ಬಂದಾಗ ಗಂಡಸರು ಸುಮ್ಮನೆ ಕೂರುತ್ತಾರೆ, ಇದು ತಮ್ಮ ವಿಷಯವಲ್ಲ ಎಂಬಂತೆ. ಆದರೆ ಅಮೆರಿಕದ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು 1997ರಲ್ಲೇ ಒಂದು ಕಾಯಿಲೆಯನ್ನು ಗುರುತಿಸಿದ್ದರು. ಮೈ ಸಾಕಷ್ಟು ಬೆಳೆದಿದ್ದರೂ ತಾನು ಸಣಕಲ ಎಂದೇ ನಂಬಿ ನರಳುವುದು ಅದರ ಲಕ್ಷಣ. ಮಸಲ್ ಡಿಸ್ಮಾರ್ಫಿಯಾ ಎನ್ನುತ್ತಾರೆ. ಹುಡುಗರ ಆಟಿಕೆಗಳಲ್ಲಿ ಬರುವ ಸೈನಿಕರ ಬೊಂಬೆಗಳನ್ನೂ ಇದೇ ತಂಡ ಅಳೆದು ನೋಡಿತು. ದಶಕದಿಂದ ದಶಕಕ್ಕೆ ಬೊಂಬೆಯ ತೋಳು ಉಬ್ಬುತ್ತಾ ಹೋಗಿತ್ತು. 1990ರ ದಶಕದ ಬೊಂಬೆಯನ್ನು ಮನುಷ್ಯನ ಎತ್ತರಕ್ಕೆ ಬೆಳೆಸಿದರೆ ಅದರ ತೋಳು ಯಾವ ಬಾಡಿಬಿಲ್ಡರ್‌ಗೂ ಇಲ್ಲದಷ್ಟು ದಪ್ಪ.

ಕಾಲೇಜು ಹುಡುಗ ಮೂರು ತಿಂಗಳಲ್ಲಿ ಸಿಕ್ಸ್ ಪ್ಯಾಕ್ ಬೇಕು ಎಂದು ಬಂದು, ಆಗದಿದ್ದಾಗ ಯಾರದೋ ಮಾತು ಕೇಳಿ ಸ್ಟೀರಾಯ್ಡ್ ಇಂಜೆಕ್ಷನ್ ಕಡೆ ಹೋಗುವುದು ಹೊಸದಲ್ಲ. ಹೃದಯ, ಲಿವರ್, ಸಂತಾನಶಕ್ತಿ ಎಲ್ಲಕ್ಕೂ ಅದು ಕೆಡುಕು. ಜಾಹೀರಾತಿನ ಫೋಟೋಗೆ ನಿಂತವನು ಹಿಂದಿನ ದಿನ ನೀರು ಕಡಿಮೆ ಕುಡಿದು, ಕ್ಯಾಮೆರಾ ಮುಂದೆ ಬರುವ ಮುನ್ನ ನಾಲ್ಕು ಸೆಟ್ ಕಸರತ್ತು ಹೊಡೆದು, ಎಣ್ಣೆ ಹಚ್ಚಿ, ಪಕ್ಕದಿಂದ ಲೈಟ್ ಬಿಡಿಸಿಕೊಂಡಿರಬಹುದು ಎಂದು ಆ ಹುಡುಗನಿಗೆ ಯಾರೂ ಹೇಳಿರುವುದಿಲ್ಲ.

ಚಿತ್ರದಲ್ಲಿ ಇಲ್ಲದ್ದು

‘ನೆಪ ಹೇಳಬೇಡಿ’ ಎಂದು ಜಾಹೀರಾತು ಗದರುತ್ತದೆ. ನಮ್ಮ ದೇಶದ ಅಂಕಿಗಳನ್ನು ಇದರ ಪಕ್ಕ ಇಟ್ಟು ನೋಡಿ. 2024ರಲ್ಲಿ ಪ್ರಕಟವಾದ, ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರೂ ಇದ್ದ ಅಧ್ಯಯನದ ಪ್ರಕಾರ ಭಾರತದಲ್ಲಿ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದ ಹೆಂಗಸರು ಶೇ 57, ಗಂಡಸರು ಶೇ 42. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ, ಗಂಡಸರು 88 ನಿಮಿಷ ಕೊಡುತ್ತಿರುವುದು ಕಂಡುಬಂತು. ದಿನಕ್ಕೆ ಮೂರು ಗಂಟೆಗೂ ಹೆಚ್ಚಿನ ವ್ಯತ್ಯಾಸ ಇದು. ಬೆಳಗ್ಗೆ ಆರಕ್ಕೆ ಗಂಡ ವಾಕಿಂಗ್ ಹೊರಟಾಗ ಹೆಂಡತಿ ಒಲೆ ಮುಂದೆ ಇರುತ್ತಾಳೆ. ಸಂಜೆ ಹೊರಡೋಣವೆಂದರೆ ಬೀದಿ ದೀಪ ಇಲ್ಲ, ಫುಟ್‌ಪಾತ್ ಇಲ್ಲ, ಹಿಂದಿನಿಂದ ಬರುವ ಬೈಕಿನವನ ಮಾತು ಬೇರೆ. ಇದನ್ನೆಲ್ಲ ಅವಳ ಮನಸ್ಸಿನ ದೌರ್ಬಲ್ಯ ಎಂದು ಮಾಡಿ, ಅದಕ್ಕೆ ಔಷಧಿ ಎಂದು ಪ್ಯಾಕೇಜ್ ಮಾರುವುದು ಅನ್ಯಾಯ.

ಬೇರೆ ರೀತಿಯಲ್ಲೂ ಮಾಡಬಹುದು ಎಂದು ತೋರಿಸಿದವರಿದ್ದಾರೆ. ಇಂಗ್ಲೆಂಡಿನ ಸ್ಪೋರ್ಟ್ ಇಂಗ್ಲೆಂಡ್ ಸಂಸ್ಥೆ 2015ರ ಜನವರಿಯಲ್ಲಿ ‘ದಿಸ್ ಗರ್ಲ್ ಕ್ಯಾನ್’ ಎಂಬ ಪ್ರಚಾರ ಶುರು ಮಾಡುವ ಮುಂಚೆ ಹೆಂಗಸರನ್ನೇ ಕೇಳಿತ್ತು. ನೋಡುವವರು ಏನಂದುಕೊಳ್ಳುತ್ತಾರೋ ಎಂಬ ಭಯವೇ ತಮ್ಮನ್ನು ತಡೆಯುತ್ತಿದೆ ಎಂದರು ಅವರು. ಹಾಗಾಗಿ ಆ ಚಿತ್ರಗಳಲ್ಲಿ ಮಾಡೆಲ್‌ಗಳಿಲ್ಲ. ಕುಣಿಯುವ ತೊಡೆ, ಕೆಂಪೇರಿದ ಮುಖ, ಒದ್ದೆಯಾದ ಬಟ್ಟೆ, ಎಲ್ಲವೂ ಇದ್ದ ಹಾಗೇ ಇವೆ. ನಮ್ಮಲ್ಲಿ 2016ರ ನೈಕಿ ಜಾಹೀರಾತು ‘ದ ದ ಡಿಂಗ್’ ಹಾಕಿಯ ರಾಣಿ ರಾಂಪಾಲ್, ಕೊಡವ ಮನೆತನದ ಸ್ಕ್ವಾಷ್ ಆಟಗಾರ್ತಿ ಜೋಷ್ನಾ ಚಿಣ್ಣಪ್ಪ ಮುಂತಾದವರನ್ನು ಓಡುತ್ತಾ, ಹೊಡೆಯುತ್ತಾ, ಬೆವರುತ್ತಾ ತೋರಿಸಿತು. ಅದೂ ಶೂ ಮಾರುವ ಜಾಹೀರಾತೇ, ಮುಂದಿದ್ದದ್ದು ದೀಪಿಕಾ ಪಡುಕೋಣೆ. ಆದರೂ ಹೆಣ್ಣಿನ ಮೈ ಅಲ್ಲಿ ಏನೋ ಮಾಡುತ್ತಿತ್ತು. ಆ ವ್ಯತ್ಯಾಸ ಚಿಕ್ಕದಲ್ಲ.

ನಿಯಮ ಏನು ಹೇಳುತ್ತದೆ

ಲಂಡನ್ ಪೋಸ್ಟರ್ ಗಲಾಟೆಯ ನಂತರ ಬ್ರಿಟನ್ ನಿಯಮ ಬದಲಿಸಿತು. 2019ರ ಜೂನ್ 14ರಿಂದ, ಹಾನಿ ಮಾಡುವಂಥ ಹೆಣ್ಣು ಗಂಡಿನ ಅಚ್ಚುಗಳನ್ನು ಜಾಹೀರಾತಿನಲ್ಲಿ ತೋರಿಸುವಂತಿಲ್ಲ. ಆದರೂ ಗೊಂದಲ ಮುಗಿದಿಲ್ಲ. 2022ರಲ್ಲಿ ಅಡಿಡಾಸ್ ಸ್ಪೋರ್ಟ್ಸ್ ಬ್ರಾ ಜಾಹೀರಾತಿಗಾಗಿ ಬೇರೆ ಬೇರೆ ಗಾತ್ರ, ಆಕಾರ, ಬಣ್ಣದ ಅನೇಕ ಹೆಂಗಸರ ಎದೆಗಳ ಚಿತ್ರ ಹಾಕಿತ್ತು. ಒಂದೇ ಅಳತೆ ಎಲ್ಲರಿಗೂ ಆಗುವುದಿಲ್ಲ ಎಂಬುದು ಅದರ ವಾದ. ಎಎಸ್‌ಎ ಅದನ್ನು ನಗ್ನತೆಯ ಕಾರಣಕ್ಕೆ ತಡೆಯಿತು. ಮಕ್ಕಳು ನೋಡುವ ಜಾಗದಲ್ಲಿ ಅದು ಬೇಡ ಎಂಬುದನ್ನು ನಾನು ಒಪ್ಪಬಲ್ಲೆ. ಆದರೆ ಹೀಯಾಳಿಸಿದ ಬಿಕಿನಿ ಚಿತ್ರ ಆ ಆರೋಪದಿಂದ ಪಾರಾಗಿ, ಹೀಯಾಳಿಸದ ಚಿತ್ರ ಸಿಕ್ಕಿಬಿದ್ದಾಗ, ನಿಯಮ ಮಾಡುವವರಿಗೆ ಚರ್ಮ ಬೇಗ ಕಾಣುತ್ತದೆ, ಸಂದೇಶ ತಡವಾಗಿ ಕಾಣುತ್ತದೆ ಎಂದೇ ಅನ್ನಿಸುತ್ತದೆ.

ಭಾರತದಲ್ಲಿ ಈ ಕೆಲಸ ಮಾಡುವುದು 1985ರಲ್ಲಿ ಹುಟ್ಟಿದ ಎಎಸ್‌ಸಿಐ, ಅಂದರೆ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿ. ಇದು ಸರ್ಕಾರಿ ಇಲಾಖೆಯಲ್ಲ, ಜಾಹೀರಾತು ಉದ್ಯಮವೇ ಕಟ್ಟಿಕೊಂಡ ಸಂಸ್ಥೆ. ಆದರೆ ಕೇಬಲ್ ಟಿ.ವಿ. ನಿಯಮಗಳು ಇದರ ಸಂಹಿತೆಯನ್ನು ಒಪ್ಪಿಕೊಂಡಿರುವುದರಿಂದ ಟಿ.ವಿ. ಮಟ್ಟಿಗೆ ಇದಕ್ಕೆ ಕಾನೂನಿನ ಬಲ ಇದೆ. 2022ರ ಜೂನ್‌ನಲ್ಲಿ ಮಂಡಳಿ ಹೆಣ್ಣು ಗಂಡಿನ ಹಾನಿಕರ ಅಚ್ಚುಗಳ ಬಗ್ಗೆ ಮಾರ್ಗಸೂಚಿ ತಂದಿತು. ಮೈಕಟ್ಟು ‘ಆದರ್ಶ’ಕ್ಕೆ ಹೊಂದದಿರುವುದೇ ಬದುಕಿನಲ್ಲಿ ಸೋಲಲು ದೊಡ್ಡ ಕಾರಣ ಎಂಬಂತೆ ತೋರಿಸಬಾರದು. ಅಚ್ಚಿಗೆ ಹೊಂದದ ಹೆಣ್ಣನ್ನಾಗಲಿ ಗಂಡನ್ನಾಗಲಿ ಗೇಲಿ ಮಾಡಬಾರದು. ಯಾರ ದೇಹವನ್ನೂ ನೋಡುವವರನ್ನು ಕೆರಳಿಸುವ ವಸ್ತುವಾಗಿ ಬಳಸಬಾರದು. ಸುಳ್ಳು ಭರವಸೆಯ ವಿಷಯವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರ ಮಾಡುವ ತಾರೆಯರಿಗೂ ಇದು ಅನ್ವಯ.

ದೂರು ಕೊಡುವುದು ಕಷ್ಟವಿಲ್ಲ. ಎಎಸ್‌ಸಿಐ ವೆಬ್‌ಸೈಟಿನಲ್ಲೋ ವಾಟ್ಸ್ಆ್ಯಪ್‌ನಲ್ಲೋ ಕಳಿಸಬಹುದು, ದುಡ್ಡು ಕಟ್ಟಬೇಕಿಲ್ಲ, ವಕೀಲರೂ ಬೇಡ. ಜಾಹೀರಾತಿನ ಫೋಟೋ ಅಥವಾ ಸ್ಕ್ರೀನ್‌ಶಾಟ್, ಎಲ್ಲಿ ಯಾವಾಗ ನೋಡಿದಿರಿ ಎಂಬ ವಿವರ ಇರಲಿ. ಕನ್ನಡ ಪತ್ರಿಕೆಯದೋ ಚಾನೆಲ್ಲಿನದೋ ಆಗಿದ್ದರೆ ಅದರ ಹೆಸರು, ದಿನಾಂಕ ಬರೆಯಿರಿ. ‘ಅಸಹ್ಯವಾಗಿದೆ’ ಎಂದಷ್ಟೇ ಬರೆದರೆ ಸಾಲದು. ಯಾವ ಸಾಲು, ಯಾವ ಚಿತ್ರ, ಅದು ಹೆಣ್ಣಿನ ಅಥವಾ ಗಂಡಿನ ಬಗ್ಗೆ ಏನು ಹೇಳುತ್ತಿದೆ ಎಂದು ಬಿಡಿಸಿ ಹೇಳಿ. ತೂಕ, ದಿನ, ಇಂಚುಗಳ ಭರವಸೆ ಇದ್ದರೆ ಅದನ್ನು ಬೇರೆಯಾಗಿ ಬರೆಯಿರಿ. ಹಣ ಕಟ್ಟಿ ಮೋಸಹೋಗಿದ್ದರೆ ರಸೀದಿ ಇಟ್ಟುಕೊಂಡು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.